ಬೆಳಗಿನ ಬನ್ನು, ಇರುಳಿನ ದುಡಿಮೆ

ವಾಚಕರೆ, ಬೆಳಗಿನ ವಾರ್ತೆ ಕೇಳುತ್ತ ಕಾಫಿಯ ಜೊತೆಗೆ ತಾವು ಮುರಿಯುವ ಬನ್ನು ಮೆತ್ತಗಿರಬೇಕಾದರೆ, ಅದರ ಹಿಟ್ಟನ್ನು ಯಾರೋ ಹಿಂದಿನ ರಾತ್ರಿ ನಾದಿರಬೇಕು. ಕೋಳಿ ಕೂಗುವ ಮೊದಲೇ ಯಾರೋ ಒಲೆಯನ್ನು ಕಾಯಿಸಿರಬೇಕು. ಚಿತ್ರದುರ್ಗವಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಾಗಲಿ, ಊರು ಮಲಗಿದಾಗ ಎಚ್ಚರವಾಗಿರುವುದೇ ಬೇಕರಿಯ ಕಸುಬಿನ ಸ್ವಭಾವ. ಬೇಕರಿ ಕೆಲಸಗಾರರ ಸಂಘಗಳ ಇತಿಹಾಸಕ್ಕೆ ಮೂಲವೂ ಈ ನಿದ್ರೆಯ ಪ್ರಶ್ನೆಯೇ.

ಹಿಟ್ಟಿನ ತಿನಿಸು ನಮ್ಮ ನಾಡಿಗೆ ಹೊಸದಲ್ಲ. ೧೬ನೆಯ ಶತಮಾನದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಆದರೆ ಹುದುಗು ಬರಿಸಿ ಸುಡುವ ಬ್ರೆಡ್ಡಿನ ವ್ಯಾಪಾರ ಬೆಂಗಳೂರು ದಂಡಿನ ಇಂಗ್ಲಿಷರ ಊಟದ ಮೇಜಿನಿಂದ ಬಂದುದು. ಅದನ್ನು ಹಾಸನ ಸೀಮೆಯ ಅಯ್ಯಂಗಾರ್ ಮನೆತನಗಳು ಕಲಿತು ಊರೂರಿಗೆ ಹರಡಿದವು. ಕಸುಬಿನ ಜೊತೆಗೆ ಅದರ ಇರುಳ ದುಡಿಮೆಯೂ ಬಂದಿತು.

ಈ ದುಡಿಮೆಯ ಕಷ್ಟ ಮೊದಲು ಕಾಗದಕ್ಕೆ ಬಂದದ್ದು ಪಶ್ಚಿಮದಲ್ಲಿ. ೧೮೬೨ರಲ್ಲಿ ಇಂಗ್ಲೆಂಡಿನ ಸರ್ಕಾರವು ಟ್ರೆಮನ್‌ಹೀರ್ ಎಂಬ ಅಧಿಕಾರಿಯಿಂದ ಲಂಡನ್ನಿನ ಬೇಕರಿ ಆಳುಗಳ ಸ್ಥಿತಿಯ ವಿಚಾರಣೆ ಮಾಡಿಸಿತು. ಗಾಳಿಯಿಲ್ಲದ ನೆಲಮಾಳಿಗೆ, ರಾತ್ರಿಯೆಲ್ಲ ಕೆಲಸ, ನಡುವೆ ಅಲ್ಲಿಯೇ ಒಂದಿಷ್ಟು ಮಂಪರು: ಇದು ಆ ವರದಿಯ ಸಾರ. ೧೮೬೩ರ ಕಾಯಿದೆಯು ೧೮ ವರ್ಷ ತುಂಬದವರನ್ನು ರಾತ್ರಿ ೯ರಿಂದ ಬೆಳಗಿನ ೫ರವರೆಗೆ ದುಡಿಸಕೂಡದೆಂದು ವಿಧಿಸಿತು. ದೊಡ್ಡವರ ಪಾಡು ಹಾಗೆಯೇ ಉಳಿಯಿತು.

ಅಮೆರಿಕದ ಬೇಕರಿ ಕೆಲಸಗಾರರು ೧೮೮೬ರಲ್ಲಿ ಪಿಟ್ಸ್‌ಬರ್ಗಿನಲ್ಲಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಅವರ ಚಳವಳಿಯ ಫಲವಾಗಿ ೧೮೯೫ರಲ್ಲಿ ನ್ಯೂಯಾರ್ಕ್ ರಾಜ್ಯವು ದಿನಕ್ಕೆ ೧೦ ಗಂಟೆ, ವಾರಕ್ಕೆ ೬೦ ಗಂಟೆ ಎಂಬ ಮಿತಿಯನ್ನು ಹಾಕಿತು. ಆ ಕಾಯಿದೆಗಾಗಿ ಹೋರಾಡಿದವರಲ್ಲಿ ಹೆನ್ರಿ ವೈಸ್‌ಮನ್ ಎಂಬಾತ ಪ್ರಮುಖ. ಅದೇ ವೈಸ್‌ಮನ್ ಮುಂದೆ ತಾನೇ ಬೇಕರಿಯ ಮಾಲೀಕನಾಗಿ, ಕಾನೂನು ಓದಿ, ಲಾಕ್ನರ್ ಎಂಬ ಮಾಲೀಕನ ಪರವಾಗಿ ಅದೇ ಕಾಯಿದೆಯ ವಿರುದ್ಧ ವಾದಿಸಿದನು! ೧೯೦೫ರಲ್ಲಿ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ಗಂಟೆಗಳ ಮಿತಿಯನ್ನು ರದ್ದುಮಾಡಿತು. ಎಷ್ಟು ಹೊತ್ತು ದುಡಿಯಬೇಕೆಂಬುದು ಆಳೂ ಒಡೆಯನೂ ಸ್ವತಂತ್ರವಾಗಿ ಮಾಡಿಕೊಳ್ಳುವ ಕರಾರು ಎಂಬುದು ಬಹುಮತದ ವಾದ. ಹಿಟ್ಟಿನ ಧೂಳು ಕೆಲಸಗಾರನ ಶ್ವಾಸಕೋಶವನ್ನು ಕೆಡಿಸುತ್ತದೆ, ಅವನ ಆಯುಸ್ಸನ್ನು ಕಡಮೆಮಾಡುತ್ತದೆ ಎಂದು ಭಿನ್ನಮತದ ನ್ಯಾಯಮೂರ್ತಿ ಹಾರ್ಲನ್ ಎತ್ತಿ ತೋರಿಸಿದರು. ಹಸಿದವನ ಕರಾರಿನಲ್ಲಿ ಸ್ವಾತಂತ್ರ್ಯವೆಷ್ಟು ಎಂಬುದನ್ನು ತಾವೇ ಯೋಚಿಸಬಹುದು.

೧೯೨೫ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಬೇಕರಿಗಳ ರಾತ್ರಿ ಕೆಲಸವನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಮಾಲೀಕನೂ ರಾತ್ರಿ ಒಲೆಯ ಮುಂದೆ ನಿಲ್ಲಕೂಡದೆಂಬುದು ಅದರ ವಿಶೇಷ. ಭಾರತವು ಅದಕ್ಕೆ ಸಮ್ಮತಿ ನೀಡಲಿಲ್ಲ. ಸಂಘಗಳೆಲ್ಲ ನಿರ್ದೋಷಿಗಳೆಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ಆ ಬೇಕರಿ ಸಂಘವನ್ನೇ ಭ್ರಷ್ಟಾಚಾರದ ಕಾರಣದಿಂದ ೧೯೫೭ರಲ್ಲಿ ಅಲ್ಲಿಯ ಕಾರ್ಮಿಕ ಮಹಾಸಂಘವು ಹೊರಹಾಕಿತು.

ಈಗ ನಮ್ಮ ಕಡೆಗೆ ಬರೋಣ. ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆ ಬಂದಾಗ ನಮ್ಮ ಚಿತ್ರದುರ್ಗ ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಇಂಡಿಯದ ಆ ಕಾಯಿದೆಗೆ ಒಳಪಟ್ಟಿರಲಿಲ್ಲ. ಇಲ್ಲಿ ೧೯೪೨ರಲ್ಲಿ ಮೈಸೂರು ಕಾರ್ಮಿಕ ಕಾಯಿದೆ ಬಂದಿತು. ಸ್ವಾತಂತ್ರ್ಯದ ನಂತರ ೧೯೪೮ರ ಕಾರ್ಖಾನೆಗಳ ಕಾಯಿದೆಯು ಯಂತ್ರಶಕ್ತಿಯಿದ್ದರೆ ೧೦ ಮಂದಿ, ಇಲ್ಲದಿದ್ದರೆ ೨೦ ಮಂದಿ ದುಡಿಯುವ ಸ್ಥಳವನ್ನು ಕಾರ್ಖಾನೆಯೆಂದು ಕರೆಯಿತು. ೨೦೨೦ರ ಹೊಸ ಸಂಹಿತೆ ಈ ಸಂಖ್ಯೆಗಳನ್ನು ೨೦ಕ್ಕೂ ೪೦ಕ್ಕೂ ಏರಿಸಿತು. ನಾಲ್ಕೈದು ಜನರ ಬೇಕರಿಗೆ ಆ ಬಾಗಿಲು ಅಂದೂ ಎಟುಕಲಿಲ್ಲ, ಇಂದೂ ಎಟುಕುವುದಿಲ್ಲ. ಅಂಥವರಿಗೆ ಆಸರೆಯಾದದ್ದು ೧೯೬೧ರ ಮೈಸೂರು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಅದು ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ, ವಾರದಲ್ಲೊಂದು ರಜೆ ಎಂದು ಗೊತ್ತುಮಾಡಿತು.

ದೊಡ್ಡ ಕಾರ್ಖಾನೆಯ ಕಥೆಯೇ ಬೇರೆ. ಕೇಂದ್ರ ಸರ್ಕಾರವು ೧೯೬೫ರಲ್ಲಿ ಮಾಡರ್ನ್ ಬೇಕರೀಸ್ ಸಂಸ್ಥೆಯನ್ನು ಸ್ಥಾಪಿಸಿತು. ಬೆಂಗಳೂರಿನಲ್ಲಿಯೂ ಅದರ ಘಟಕವಿತ್ತು. ೨೦೦೦ದ ಜನವರಿಯಲ್ಲಿ ಅದರ ನೂರಕ್ಕೆ ೭೪ ಪಾಲನ್ನು ಹಿಂದೂಸ್ತಾನ್ ಲೀವರ್ ಕಂಪನಿಗೆ ಮಾರಿದಾಗ ಕಾರ್ಮಿಕ ಸಂಘಗಳು ವಿರೋಧಿಸಿದವು. ಮಾರಾಟ ನಿಲ್ಲಲಿಲ್ಲ, ಆದರೆ ಕೆಲಸಗಾರರ ಪರವಾಗಿ ಒಂದು ದನಿಯಾದರೂ ಎದ್ದಿತು.

ನಮ್ಮ ಪೇಟೆಯ ಸಣ್ಣ ಬೇಕರಿಯಲ್ಲಿ ಆ ದನಿ ಏಳುವುದು ಕಷ್ಟ. ಮಾಲೀಕನೂ ಆಳೂ ಒಂದೇ ಊರಿನವರು, ಎಷ್ಟೋ ವೇಳೆ ನೆಂಟರು. ಊಟ ಅಲ್ಲಿಯೇ, ಹಾಸಿಗೆಯೂ ಅಲ್ಲಿಯೇ. ಮಾಲೀಕನೂ ಹಿಟ್ಟಿಗೆ ಕೈಹಾಕಿ ಬೆವರು ಸುರಿಸುತ್ತಾನೆ. ಉಂಡ ಮನೆಯ ಎದುರು ನಿಂತು ಗಂಟೆಯ ಲೆಕ್ಕ ಕೇಳುವುದು ಹೇಗೆ? ‘ಇಂದಲ್ಲ ನಾಳೆ ನಾನೂ ಒಂದು ಬೇಕರಿ ಇಡುತ್ತೇನೆ’ ಎಂಬ ಆಸೆಯೂ ಬಾಯಿ ಕಟ್ಟುತ್ತದೆ. ಅದು ಕೆಟ್ಟ ಆಸೆಯಲ್ಲ. ಆದರೆ ಎಲ್ಲರಿಗೂ ಕೈಗೂಡುವುದಿಲ್ಲ.

ಚದುರಿದವರು ಸೇರಲಾರರೆಂಬ ಮಾತು ಮಾತ್ರ ಸುಳ್ಳು. ಮನೆಯ ಜಗಲಿಯ ಮೇಲೆ ಬೀಡಿ ಸುತ್ತುವವರಿಗಿಂತ ಚದುರಿದವರುಂಟೆ? ಅವರಿಗೂ ೧೯೬೬ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ಸಂಘದ ನೋಂದಣಿಗೆ ೧೯೨೬ರ ಕಾಯಿದೆ ಕೇಳಿದ್ದು ಏಳು ಮಂದಿಯನ್ನು. ಆ ಏಳು ಮಂದಿ ಒಂದೇ ಒಲೆಯವರಾಗಿರಬೇಕೆಂದು ಅದು ಹೇಳಲಿಲ್ಲ. ೨೦೦೧ರ ತಿದ್ದುಪಡಿ ನಿಯಮವನ್ನು ಬಿಗಿಗೊಳಿಸಿದರೂ ಒಂದು ಕಸುಬಿನವರು ಕೂಡುವ ದಾರಿಯನ್ನು ಮುಚ್ಚಲಿಲ್ಲ.

ಉಪಾಧ್ಯಾಯನಾದ ನನಗೆ ಇದರಲ್ಲಿ ಒಂದು ಸಂಕಟವುಂಟು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಹತ್ತನೆಯ ತರಗತಿ ದಾಟದೆ, ದೂರದ ಊರಿನ ಬೇಕರಿಗೆ ಹೊರಟ ಹುಡುಗರನ್ನು ನಾನು ಬಲ್ಲೆ. ೧೪ ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ೨೦೧೬ರ ತಿದ್ದುಪಡಿ ನಿಷೇಧಿಸಿತು. ಅದಕ್ಕಿಂತ ತುಸು ದೊಡ್ಡ ಹುಡುಗನ ನಿದ್ರೆಯನ್ನು ಕಾಯುವವರು ಯಾರು? ಬೇಕರಿಯ ಬಾಗಿಲಲ್ಲಿ ನಿಂತಾಗ ತಾವು ‘ಬಿಸಿ ಇದೆಯೇ?’ ಎಂದು ಕೇಳುವುದು ವಾಡಿಕೆ. ಜೊತೆಗೆ, ‘ಒಳಗಿನವರಿಗೆ ವಾರದ ರಜೆ ಯಾವಾಗ?’ ಎಂದೂ ಕೇಳಿ ನೋಡಿ. ಗಿರಾಕಿಯ ಮಾತಿಗೆ ಅಂಗಡಿಯಲ್ಲಿ ಬೆಲೆಯುಂಟು.