ಲಾರಿ ಮ್ಯಾಲೆ ಬಂದ ಮನಿ

ಹೋದ ವಾರ ಊಟಕ್ಕ ಕೂತಾಗ ನಮ್ಮ ಮೈದುನ, "ವಹಿನಿ, ನಮ್ಮ ಖಾಲಿ ಜಾಗಾದಾಗ ಕಾರ್ಖಾನ್ಯಾಗ ಮಾಡಿದ ಮನಿ ತಂದು ಕೂಡಸೋಣ ಅಂತ ಮಾಡೇನಿ" ಅಂದ. ಅತ್ತಿಯವರು ಬಡಸೋ ಸೌಟು ಕೈಯಾಗ ಹಿಡಕೊಂಡು ಹಂಗ ನಿಂತ್ರು. "ಮನಿ ಅಂದ್ರ ಕಟ್ಟೋದಪಾ. ಅಂಗಡ್ಯಾಗ ಕೊಳ್ಳಲಿಕ್ಕೆ ಅದೇನು ಕುಕ್ಕರೇನು?" ಅಂದ್ರು.

ನಾ ಸುಮ್ಮನಿದ್ದೆ. ನನಗ ನಮ್ಮ ಅವ್ವನ ಮನಿ ನೆನಪಾಗಿತ್ತು. ಒಂದು ವರ್ಷದಾಗ ಮುಗಸ್ತೇನಿ ಅಂದ ಗೌಂಡಿ ಮೂರು ವರ್ಷ ತಗೊಂಡ. ಒಮ್ಮೆ ಉಸುಕಿಲ್ಲ, ಒಮ್ಮೆ ಮಳಿ, ಒಮ್ಮೆ ಅವನ ಊರಾಗ ಜಾತ್ರಿ. ಅಷ್ಟೂ ದಿನ ಅವ್ವ ತಗಡಿನ ಶೆಡ್ಡಿನ್ಯಾಗ ಅಡಿಗಿ ಮಾಡಿದ್ಳು. ಕಡೀಕ ಮನಿ ಆತು, ಖರೇ ಅಡಿಗಿ ಮನಿ ಕಟ್ಟಿ ಆಕಿಗೆ ಒಂದು ಗೇಣು ಎತ್ತರ ಆಗಿತ್ತು. ಆಕೀನ್ನ ಯಾರೂ ಕೇಳಿರಲಿಲ್ಲ.

ಅದಕ್ಕ ಈ ಕಾರ್ಖಾನಿ ಮನಿ ಹೊಸ ಹುಚ್ಚೋ ಹಳೇ ಸಂಗತಿಯೋ ಅಂತ ಓದಿ ನೋಡಿದೆ. ಇಂಗ್ಲಂಡಿನ ಕಥಿ ಸಿಕ್ತು. ನೀವೂ ಕೇಳ್ರಿ.

ಎರಡನೇ ಮಹಾಯುದ್ಧದಾಗ ಬಾಂಬು ಬಿದ್ದು ಬ್ರಿಟನ್ನಿನ ಲಕ್ಷಗಟ್ಟಲೆ ಮನಿ ಹಾಳಾದವು. ಕಟ್ಟಬೇಕಂದ್ರ ಇಟ್ಟಂಗಿಗೂ ಗೌಂಡಿಗೂ ಕೊರತಿ. ಆಗ 1944ರಾಗ ಸರ್ಕಾರ ಒಂದು ಕಾಯ್ದೆ ಮಾಡಿ, ಕಾರ್ಖಾನ್ಯಾಗ ಮನಿ ಮಾಡಸೋಣ ಅಂತು. ಮಾದರಿ ಮನಿ ಒಂದನ್ನ ಲಂಡನ್ನಿನ ಟೇಟ್ ಗ್ಯಾಲರಿಯೊಳಗ ಜನರಿಗೆ ತೋರಿಸಲಿಕ್ಕೆ ಇಟ್ರು. ಮುಂದ ಕೆಲವು ವರ್ಷದಾಗ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಮನಿ ಎದ್ದು ನಿಂತವು. ಜನ ಇವಕ್ಕ 'ಪ್ರೀಫ್ಯಾಬ್' ಅಂತಿದ್ರು.

ಇದರಾಗ ನನಗ ಭಾಳ ಸೇರಿದ್ದು ಅಲ್ಯೂಮಿನಿಯಂ ಮನಿ. ಯುದ್ಧ ಮುಗದು ವಿಮಾನದ ಕಾರ್ಖಾನಿಗೆ ಕೆಲಸ ಕಡಿಮಿ ಆಗಿತ್ತು. ಅಲ್ಲೇ ಈ ಮನಿ ಮಾಡಿದ್ರು. ಒಂದು ಮನಿ ಅಂದ್ರ ನಾಲ್ಕು ತುಂಡು. ಒಳಗ ವೈರು, ನಳ ಎಲ್ಲಾ ಮೊದಲೇ ಕೂಡಿಸಿ, ಲಾರಿ ಮ್ಯಾಲೆ ತಂದು, ತಯಾರಾದ ತಳಪಾಯದ ಮ್ಯಾಲೆ ಜೋಡಸೋದು. ಇಂಥಾವು 54,000ಕ್ಕಿಂತ ಹೆಚ್ಚು ಆದವು.

ಈಗ ಅಡಿಗಿ ಮನಿಗೆ ಬರೋಣ. ಎರಡು ಮಲಗೋ ಖೋಲಿಯ ಸಣ್ಣ ಮನಿ. ಅಡಿಗಿ ಮನಿ ಮತ್ತ ಬಚ್ಚಲ ಒಂದಕ್ಕೊಂದು ಬೆನ್ನು ಹಚ್ಚಿ ಇರ್ತಿದ್ವು, ನಡುವಿನ ಗೋಡಿಯೊಳಗ ಎರಡಕ್ಕೂ ಒಂದೇ ನಳದ ಜೋಡಣಿ. ಒಲಿ, ತೊಳಿಯೋ ಸಿಂಕು, ಕಪಾಟು, ಮ್ಯಾಲೆ ಒಂದು ಫ್ರಿಜ್! ಬಿಸಿನೀರು ನಳದಾಗ. ಸಂಡಾಸ ಮನಿ ಒಳಗ. 1951ರ ಜನಗಣತಿ ಹೊತ್ತಿನ್ಯಾಗೂ ಆ ದೇಶದಾಗ ಮೂರರಾಗ ಒಂದಕ್ಕಿಂತ ಹೆಚ್ಚು ಕುಟುಂಬಕ್ಕ ಸ್ನಾನದ ತೊಟ್ಟಿ ಇರಲಿಲ್ಲ. ತಗಡಿನ ಟಬ್ಬಿಗೆ ನೀರು ಕಾಸಿ ಕಾಸಿ ಹಾಕೋರು ಹೆಂಗಸರೇ ಅಲ್ಲೇನ್ರಿ? ಮುಂದ ದೊಡ್ಡ ರಾಜಕಾರಣಿ ಆದ ನೀಲ್ ಕಿನಾಕ್ ವೇಲ್ಸಿನ್ಯಾಗ ಇಂಥಾ ಮನ್ಯಾಗ ಬೆಳೆದಾವ್ರು. ಅವರ ಮನಿ ಫ್ರಿಜ್ಜು, ಬಚ್ಚಲ ನೋಡಲಿಕ್ಕೆ ಬಂಧು ಬಳಗ ಬರ್ತಿತ್ತಂತ.

ಒಳ್ಳೇದಷ್ಟೇ ಹೇಳಿದ್ರ ತಪ್ಪಾಗ್ತದ. ಲಗೂ ಆದವು, ಖರೇ ಸೋವಿ ಆಗಲಿಲ್ಲ. ಅಲ್ಯೂಮಿನಿಯಂ ಮನಿಗೆ ಇಟ್ಟಂಗಿ ಮನಿಗಿಂತ ಹೆಚ್ಚು ಖರ್ಚು ಬಂತು. ಥಂಡಿಯೊಳಗ ಗೋಡಿ ಬೆವತು ಹಸಿ ಹಿಡೀತಿತ್ತು. ಕೆಲವು ನಮೂನಿಯೊಳಗ ಆಸ್ಬೆಸ್ಟಾಸ್ ಹಾಳಿ ಹಾಕಿದ್ರು, ಅದು ಪುಪ್ಪುಸಕ್ಕ ಕೆಟ್ಟದ್ದಂತ ಆಮ್ಯಾಲೆ ಗೊತ್ತಾತು.

ಸರ್ಕಾರ ಇವಕ್ಕ ಹಾಕಿದ್ದ ಆಯುಷ್ಯ ಬರೇ ಹತ್ತು ವರ್ಷದ ಲೆಕ್ಕದ್ದು. ಜನ ಬಿಡಲೇ ಇಲ್ಲ. ಲಂಡನ್ನಿನ ಕ್ಯಾಟ್‌ಫರ್ಡಿನ್ಯಾಗ ಎಕ್ಸ್‌ಕ್ಯಾಲಿಬರ್ ಅನ್ನೋ ಬಡಾವಣಿಯೊಳಗ 187 ಇಂಥಾ ಮನಿ ಇದ್ವು. ಅರವತ್ತು ವರ್ಷದ ಮ್ಯಾಲೂ ಅಲ್ಲಿ ಜನ ಸಂಸಾರ ಮಾಡ್ತಿದ್ರು. 2009ರಾಗ ಆರು ಮನಿ ಸಂರಕ್ಷಿತ ಅಂತ ಆದವು. 2010ರಾಗ ಕೆಡವೋದು ಬೇಕೋ ಬ್ಯಾಡೋ ಅಂತ ಮತ ಹಾಕಿಸಿದಾಗ ಕೆಡವ್ರಿ ಅನ್ನೋರು ಗೆದ್ರು, ಖರೇ ಬ್ಯಾಡ ಅಂದವರೂ ಕಡಿಮಿ ಇರಲಿಲ್ಲ.

ಲಗೂ ಆಗೋದು ಒಂದು ಲಾಭ. ಅದಕ್ಕಿಂತ ದೊಡ್ಡದು ಅಂದ್ರ, ಎಲ್ಲಾ ಮೊದಲೇ ಕೂಡಿಸಿ ತರಬೇಕಾಗಿದ್ದಕ್ಕ ಒಲಿ ಎಲ್ಲಿ, ನೀರೆಲ್ಲಿ ಅನ್ನೋದನ್ನ ಮೊದಲ ದಿನಾನೇ ಕೂತು ವಿಚಾರ ಮಾಡಬೇಕಾತು. ನಮ್ಮಲ್ಲಿ ಅದು ಕಡೀಕ ಬರೋ ಮಾತು.

ಮೈದುನಗ ಹೇಳೇನಿ: "ತಗೋ, ಬ್ಯಾಡ ಅನ್ನೂದಿಲ್ಲ. ಖರೇ ರೊಕ್ಕ ಕೊಡೋಕಿಂತ ಮೊದಲು ಬ್ಯಾಸಿಗ್ಯಾಗ ಒಳಗ ಎಷ್ಟು ಕಾಯ್ತದ, ಮಳಿಗಾಲದಾಗ ಜೋಡಣಿಯೊಳಗ ಸೋರ್ತದೇನು, ಗೋಡಿಗೆ ಏನು ಹಾಕ್ಯಾರ, ಎಲ್ಲಾ ಕೇಳು. ಆಗಲೇ ಯಾರರೆ ಇಳಿದಿರೋ ಮನಿಗೆ ಹೋಗಿ ನೋಡು. ಹೋಗಬೇಕಾದ್ರ ನಿನ್ನ ಹೇಂಡ್ತೀನ್ನ ಕರಕೊಂಡು ಹೋಗು. ಅಡಿಗಿ ಕಟ್ಟಿ ಮುಂದ ಆಕಿ ನಿಂತು ನೋಡಲಿ."

ಅತ್ತಿಯವರು ಎರಡು ದಿನ ಏನೂ ಅನ್ನಲಿಲ್ಲ. ನಿನ್ನೆ ಸಂಜೀಕ ತಾವಾಗೇ ಕೇಳಿದ್ರು: "ಅಲ್ಲವಾ, ಆ ಮನ್ಯಾಗ ದೇವರ ಕಟ್ಟಿ ಎಲ್ಲಿ ಮಾಡ್ತಾರಂತ?"