ಅಮೆರಿಕದ ವಿದೇಶಾಂಗ ನೀತಿ: ಸ್ವಹಿತ ಮತ್ತು ಲೋಕವ್ಯವಹಾರ (ಕರ್ನಾಟಕದ ಅನುಭವ)

ತನ್ನ ಪಾಡಿಗೆ ತಾನಿರಬೇಕೆ, ಲೋಕದ ವ್ಯವಹಾರಕ್ಕೆ ಕೈಹಾಕಬೇಕೆ ಎಂಬ ಜಿಜ್ಞಾಸೆ ಅಮೆರಿಕದಲ್ಲಿ ಆ ದೇಶದಷ್ಟೇ ಹಳೆಯದು. 1796ರ ಬೀಳ್ಕೊಡುಗೆ ಸಂದೇಶದಲ್ಲಿ ಜಾರ್ಜ್ ವಾಷಿಂಗ್ಟನ್ ಪರದೇಶಗಳೊಡನೆ ಕಾಯಂ ಮೈತ್ರಿ ಬೇಡವೆಂದರು. ಮೊದಲ ಮಹಾಯುದ್ಧದ ಬಳಿಕ ವುಡ್ರೋ ವಿಲ್ಸನ್ ಓಡಾಡಿ ಕಟ್ಟಿಸಿದ ರಾಷ್ಟ್ರಸಂಘಕ್ಕೆ ಅವರದೇ ದೇಶದ ಸೆನೆಟ್ ಸೇರಗೊಡಲಿಲ್ಲ. ಎರಡನೆಯ ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ಕನ್ನಡನಾಡಿನ ಹಳ್ಳಿಗಳಿಗೆ ಆ ಗಾಳಿ ತಟ್ಟಿದ್ದು ಗೋಧಿಯ ರೂಪದಲ್ಲಿ.

1954ರ ಪಿ.ಎಲ್. 480 ಕಾಯ್ದೆಯಿಂದ ಹಸಿದ ದೇಶಗಳಿಗೆ ಧಾನ್ಯ ಸಿಕ್ಕಿತು. ಅಮೆರಿಕದ ರೈತರು ಬೆಳೆದು ಮಿಕ್ಕಿದ್ದೂ ಖರ್ಚಾಯಿತು. ಉಪಕಾರ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಯಿತೆಂದು ಬಿಡಿಸಿ ಹೇಳುವುದು ಕಷ್ಟ. ‘ಕೇರ್’ ಸಂಸ್ಥೆ ಶಾಲೆಗಳಿಗೆ ಕೊಟ್ಟ ಹಾಲಿನ ಪುಡಿ, ಗೋಧಿ ರವೆ ಉಪ್ಪಿಟ್ಟಿನ ರುಚಿ ಹಿರಿಯರಿಗೆ ಇನ್ನೂ ನೆನಪಿದೆ. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸಿ ವಿಶ್ವವಿದ್ಯಾಲಯ ನೆರವಾಯಿತು. ಆದರೆ ಮುಂದಿನ ವರ್ಷವೇ ಬರ ಬಿದ್ದಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿ ಹಡಗುಗಳನ್ನು ಅಳೆದು ಸುರಿದು ಬಿಟ್ಟರು. ಭಾರತ ಕೃಷಿ ನೀತಿ ಬದಲಿಸಲಿ ಎಂಬ ಒತ್ತಡ ಅದರಲ್ಲಿತ್ತು, ವಿಯೆಟ್ನಾಂ ಯುದ್ಧವನ್ನು ಟೀಕಿಸಿದ್ದರ ಸಿಟ್ಟೂ ಇತ್ತು.

ಆ ಗೋಧಿಯ ಜೊತೆಗೇ ಬಂತೆಂದು ಜನ ದೂರುವ ಕಳೆಯೊಂದಿದೆ: ಪಾರ್ಥೇನಿಯಂ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಕಡೆಯಲ್ಲೂ, ಇಡೀ ಬಯಲುಸೀಮೆಯಲ್ಲೂ ಇದು ‘ಕಾಂಗ್ರೆಸ್ ಗಿಡ’. ಸೇವಂತಿಗೆಯಂಥ ಎಲೆ, ನುಚ್ಚು ಚೆಲ್ಲಿದಂಥ ಬಿಳಿ ಹೂ. ಬರಿಗೈಯಲ್ಲಿ ಕಿತ್ತವರಿಗೆ ತುರಿಕೆ, ಪರಾಗ ಸೋಕಿದವರಿಗೆ ಉಬ್ಬಸ. 19ನೇ ಶತಮಾನದಲ್ಲೇ ಇದು ಭಾರತದಲ್ಲಿತ್ತೆಂದು ಸಸ್ಯಶಾಸ್ತ್ರದ ದಾಖಲೆಗಳು ಹೇಳಿದರೂ ಅಪವಾದ ಮಾತ್ರ ಅಮೆರಿಕದ ಗೋಧಿಗೇ ಅಂಟಿಕೊಂಡಿದೆ.

ಕೊಡುವ ಕೈ ತಡೆಯುವ ಕೈಯೂ ಆದದ್ದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. ರಷ್ಯಾದ ಗ್ಲಾವ್‌ಕಾಸ್ಮಾಸ್‌ನಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಳ್ಳಲು ಹೊರಟ ಇಸ್ರೋ ಮೇಲೆ ಅಮೆರಿಕ 1992ರಲ್ಲಿ ಎರಡು ವರ್ಷದ ನಿರ್ಬಂಧ ಹೇರಿತು. ಕೊಟ್ಟ ಕಾರಣ, ಕ್ಷಿಪಣಿ ಪ್ರಸರಣ. ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕವನ್ನು ತುಂಬಿಟ್ಟು ಕಾಯಲಾಗದ ಈ ಎಂಜಿನ್ ಕ್ಷಿಪಣಿಗೆ ಒಗ್ಗುವಂಥದ್ದಲ್ಲ; ಉಪಗ್ರಹ ಉಡಾವಣೆಯ ಮಾರುಕಟ್ಟೆಗೆ ಹೊಸ ಪೈಪೋಟಿ ಬೇಡವೆಂಬ ಲೆಕ್ಕಾಚಾರವೇ ಮುಖ್ಯವಾಗಿದ್ದಂತೆ ಕಾಣುತ್ತದೆ. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಭಾರತದ ಲಘು ಯುದ್ಧವಿಮಾನದ ಎಂಜಿನಿಯರುಗಳೂ ಅಮೆರಿಕದಿಂದ ಬರಿಗೈಯಲ್ಲಿ ಮರಳಿದರು. ವಿಮಾನ 2001ರ ಜನವರಿ 4ರಂದು ಬೆಂಗಳೂರಿನಿಂದ ಹಾರಿತು, ಹಾರಿದ್ದು ಅಮೆರಿಕದ್ದೇ ಎಂಜಿನ್ ಕಟ್ಟಿಕೊಂಡು!

2008ರ ಪರಮಾಣು ಒಪ್ಪಂದದಿಂದ ಬಿಗಿ ಸಡಿಲವಾಯಿತು. 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ಸರಕು ವಿಮಾನವೇ ನಾಸಾ-ಇಸ್ರೋ ಜಂಟಿಯಾಗಿ ರೂಪಿಸಿದ ‘ನಿಸಾರ್’ ಉಪಗ್ರಹದ ರೇಡಾರ್ ಭಾಗವನ್ನು ಬೆಂಗಳೂರಿಗೆ ತಂದಿಳಿಸಿತು. 2025ರ ಜುಲೈ 30ರ ಸಂಜೆ ಅದನ್ನು ಕಕ್ಷೆಗೇರಿಸಿದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೇಲಿನ ಹಂತದಲ್ಲಿದ್ದದ್ದು ದೇಶಿ ಕ್ರಯೋಜೆನಿಕ್ ಎಂಜಿನ್. ಅದೇ ದಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾರತದ ಸರಕುಗಳ ಮೇಲೆ ಶೇ 25ರ ಸುಂಕ ಘೋಷಿಸಿದರು.