ಕತ್ತಲೆಗೆಂದು ಕಾದಿಟ್ಟ ದೀಪ

ರಾತ್ರಿ ಎಂಟು ಗಂಟೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ರೇಡಿಯೋದಲ್ಲಿ ಹಾಡು ಬರುತ್ತಿದೆ; ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಆಗ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆಂದು ನಾನು ಊಹಿಸಬಲ್ಲೆ. ಯಾರಾದರೊಬ್ಬರು ಗೋಡೆ ಸವರುತ್ತ ಹೋಗಿ ಬೀರುವಿನ ಮೇಲಿನ ಎಮರ್ಜೆನ್ಸಿ ದೀಪವನ್ನು ತಂದು ಗುಂಡಿ ಒತ್ತುತ್ತಾರೆ. ಬೆಳಕಾಗುತ್ತದೆ. ಕರೆಂಟು ಬಂದೊಡನೆ ಅದನ್ನು ಮತ್ತೆ ಪ್ಲಗ್ಗಿಗೆ ಸಿಕ್ಕಿಸಿ ನೀವೆಲ್ಲರೂ ಮರೆತುಬಿಡುತ್ತೀರಿ. ಅದು ಮಾತ್ರ ಹಗಲಿರುಳೆನ್ನದೆ ಅಲ್ಲಿಯೇ ವಿದ್ಯುತ್ತನ್ನು ಕುಡಿಯುತ್ತ ಕುಳಿತಿರುತ್ತದೆ.

ಆ ದೀಪವನ್ನು ಮಗುಚಿ ಅದರ ತಳವನ್ನು ನೀವು ಓದಿದ್ದು ಯಾವಾಗ? ಓದೇ ಇಲ್ಲವೆಂದರೆ ನಾಚಿಕೆ ಪಡಬೇಕಾಗಿಲ್ಲ. ಮೊನ್ನೆ ಮೊನ್ನೆಯವರೆಗೆ ನಾನೂ ಓದಿರಲಿಲ್ಲ. ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಇಂಥ ಕೆಲವು ದೀಪಗಳಲ್ಲಿ ಬೆಂಕಿ ಹೊತ್ತಿಕೊಳ್ಳುವಂಥ ದೋಷವಿದೆಯೆಂಬುದು ಅವು ಮಾರಾಟವಾಗಿ ಮನೆ ಸೇರಿದ ಮೇಲೆ ತಿಳಿಯುವುದುಂಟು. ಆಗ ತಯಾರಿಸಿದವರು ಆ ಮಾಲನ್ನು ವಾಪಸು ಕರೆಯುತ್ತಾರೆ. ಆದರೆ ಆ ಕರೆ ಬರುವ ಹೊತ್ತಿಗೆ ದೀಪದ ಪೆಟ್ಟಿಗೆ ರದ್ದಿಗೆ ಹೋಗಿರುತ್ತದೆ, ರಸೀದಿ ಎಲ್ಲಿದೆಯೋ ಗೊತ್ತಿರುವುದಿಲ್ಲ. ಕರೆದವರಿಗೆ ನಿಮ್ಮ ಮನೆ ಗೊತ್ತಿಲ್ಲ. ನಿಮಗೆ ಕರೆದ ಸುದ್ದಿ ಗೊತ್ತಿಲ್ಲ.

ಇದು ಹೊಸ ಕಾಲದ ತೊಂದರೆಯೆಂದು ತೋರಬಹುದು. ಹಾಗೇನೂ ಇಲ್ಲ. ಮನೆಗೆ ತಂದ ಬೆಳಕಿನೊಳಗೆ ಕಣ್ಣಿಗೆ ಕಾಣದ ಅಪಾಯ ಸೇರಿಕೊಂಡು ಬಂದ ಕಥೆ ನೂರಾರು ವರ್ಷ ಹಳೆಯದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1859ನೆಯ ಇಸವಿಯನ್ನು ನೆನಪಿಡಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಎಂಬಾತ ಭೂಮಿ ಕೊರೆದು ಕಲ್ಲೆಣ್ಣೆ ತೆಗೆದ. ಅದೇ ವರ್ಷ ಫ್ರಾನ್ಸಿನಲ್ಲಿ ಗಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ತುಂಬಿಟ್ಟು ಬೇಕಾದಾಗ ತೆಗೆದುಕೊಳ್ಳಬಹುದಾದ ಬ್ಯಾಟರಿಯನ್ನು ಮಾಡಿದ. ಒಬ್ಬನಿಂದ ನಮ್ಮ ಸೀಮೆಎಣ್ಣೆ ದೀಪ, ಇನ್ನೊಬ್ಬನಿಂದ ನಮ್ಮ ಎಮರ್ಜೆನ್ಸಿ ದೀಪ. ಎರಡರ ಬೇರೂ ಒಂದೇ ವರ್ಷದಲ್ಲಿ ಇಳಿದದ್ದು ಕಾಕತಾಳೀಯವೇ ಸರಿ.

ಕಲ್ಲೆಣ್ಣೆಯನ್ನು ಕಾಯಿಸಿ ಬಟ್ಟಿ ಇಳಿಸಿದಾಗ ಮೊದಲು ಹಗುರವಾದ ನಾಫ್ತಾ ಬರುತ್ತದೆ, ಆಮೇಲೆ ಸೀಮೆಎಣ್ಣೆ, ಕಡೆಗೆ ಮಂದವಾದ ಎಣ್ಣೆಗಳು. ಆ ಕಾಲದಲ್ಲಿ ಮೋಟಾರು ಗಾಡಿಗಳಿರಲಿಲ್ಲವಾದ್ದರಿಂದ ನಾಫ್ತಾವನ್ನು ಕೇಳುವವರೇ ಕಡಿಮೆ. ಸೀಮೆಎಣ್ಣೆಗಾದರೋ ಊರೂರಿನಲ್ಲಿ ಗಿರಾಕಿ. ಹೀಗಿರಲು, ಮಾರಾಟವಾಗದ ಅಗ್ಗದ ಸರಕನ್ನು ಮಾರಾಟವಾಗುವ ಸರಕಿನೊಳಗೇ ಸೇರಿಸಿಬಿಟ್ಟರೆ ಹೇಗೆ ಎಂದು ವ್ಯಾಪಾರಿಗೆ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಲಿಗೆ ನೀರು ಬೆರೆಸುವವನ ಬುದ್ಧಿಯೇ ಇದು. ಆದರೆ ನೀರು ಬೆರೆತ ಹಾಲು ಮನೆಯನ್ನು ಸುಡುವುದಿಲ್ಲ.

ನಾಫ್ತಾ ಬೆರೆತ ಎಣ್ಣೆ ನೋಡುವುದಕ್ಕೆ ಸೀಮೆಎಣ್ಣೆಯಂತೆಯೇ ಇರುತ್ತದೆ, ದೀಪದಲ್ಲಿ ಉರಿಯುತ್ತದೆ ಕೂಡ. ಅಪಾಯವಿದ್ದದ್ದು ಎಣ್ಣೆ ಕಡಿಮೆಯಾಗುತ್ತ ಬಂದಾಗ. ಬುಡ್ಡಿಯ ಖಾಲಿ ಜಾಗದಲ್ಲಿ ನಾಫ್ತಾದ ಆವಿಯೂ ಗಾಳಿಯೂ ಕೂಡಿಕೊಳ್ಳುತ್ತವೆ. ದೀಪದ ಶಾಖಕ್ಕೆ ಆವಿ ಇನ್ನೂ ಹೆಚ್ಚುತ್ತದೆ. ಬತ್ತಿಯ ಕೊಳವೆಯ ಸಂದಿನಿಂದ ಉರಿ ಒಳಗಿಳಿದರೆ ಆಯಿತು, ಬುಡ್ಡಿ ಸಿಡಿಯುತ್ತದೆ. ಆ ಹೊತ್ತಿಗೆ ದೀಪದ ಹತ್ತಿರ ಇರುವವರು ಯಾರು? ಓದುತ್ತಿರುವ ಮಕ್ಕಳು, ಹೊಲಿಯುತ್ತಿರುವ ತಾಯಿ. ಬತ್ತಿ ಸರಿಯಾಗಿ ಕತ್ತರಿಸಲಿಲ್ಲ, ದೀಪ ಅಲುಗಾಡಿಸಿದರು ಎಂದು ಮನೆಯವರ ಮೇಲೆಯೇ ತಪ್ಪು ಹೊರಿಸುವುದು ಎಲ್ಲರಿಗೂ ಸುಲಭವಾಗಿತ್ತು.

ತಪ್ಪು ಎಣ್ಣೆಯದು ಎಂದು ತೋರಿಸಿಕೊಟ್ಟವರಲ್ಲಿ ಒಬ್ಬರು ನ್ಯೂಯಾರ್ಕ್ ನಗರದ ಆರೋಗ್ಯ ಮಂಡಲಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಚಾರ್ಲ್ಸ್ ಚಾಂಡ್ಲರ್. ಅವರು ನಗರದಲ್ಲಿ ಮಾರುತ್ತಿದ್ದ ಎಣ್ಣೆಯ ಮಾದರಿಗಳನ್ನು ಪರೀಕ್ಷೆ ಮಾಡಿ, ಅದರಲ್ಲಿ ಬಹುಪಾಲು ಮನೆಯಲ್ಲಿಡಲು ಯೋಗ್ಯವಲ್ಲವೆಂದು ಸಾರಿದರು. ಜನಕ್ಕೆ ಎಣ್ಣೆಯ ಮೇಲಿನ ನಂಬಿಕೆ ಎಷ್ಟು ಕೆಟ್ಟಿತ್ತೆಂಬುದಕ್ಕೆ ಒಂದು ಸಾಕ್ಷಿ ಕೇಳಿ: 1870ರಲ್ಲಿ ರಾಕ್‌ಫೆಲರ್ ಮತ್ತು ಅವರ ಜೊತೆಗಾರರು ಕಂಪನಿ ಕಟ್ಟಿದಾಗ ಅದಕ್ಕೆ ಸ್ಟ್ಯಾಂಡರ್ಡ್ ಆಯಿಲ್ ಎಂದು ಹೆಸರಿಟ್ಟರು. ನಮ್ಮ ಎಣ್ಣೆ ಎಲ್ಲಿ ಕೊಂಡರೂ ಒಂದೇ ದರ್ಜೆಯದು ಎಂಬ ಭರವಸೆ ಆ ಹೆಸರಿನಲ್ಲೇ ಇತ್ತು. ಆ ಕಂಪನಿ ಮುಂದೆ ಮಾಡಿದ ಉಳಿದ ಕೆಲಸಗಳ ಮಾತು ಬೇರೆ.

ಇಂಗ್ಲೆಂಡಿನಲ್ಲಿ 1862ರಲ್ಲಿಯೂ 1868ರಲ್ಲಿಯೂ ಕಾಯಿದೆಗಳಾದವು. 100 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆ ಶಾಖದಲ್ಲಿ ಆವಿ ಹೊತ್ತಿಕೊಳ್ಳುವ ಎಣ್ಣೆ ಅಪಾಯದ್ದು ಎಂದು ಗೆರೆ ಎಳೆದರು. ಗೆರೆ ಎಳೆಯುವುದೇನೋ ಆಯಿತು, ಅಳೆಯುವುದು ಹೇಗೆ? ತೆರೆದ ಬಟ್ಟಲಲ್ಲಿ ಎಣ್ಣೆ ಕಾಯಿಸಿ ಮೇಲೆ ಸಣ್ಣ ಉರಿ ಆಡಿಸುತ್ತಿದ್ದರು. ತೆರೆದ ಬಟ್ಟಲಿನಿಂದ ಆವಿ ಗಾಳಿಗೆ ಹಾರಿಹೋಗುತ್ತದಲ್ಲವೆ? ಕಿಟಕಿ ತೆರೆದಿದ್ದರೆ ಒಂದು ಲೆಕ್ಕ, ಮುಚ್ಚಿದ್ದರೆ ಇನ್ನೊಂದು. ಕೆಟ್ಟ ಎಣ್ಣೆಯೂ ಒಳ್ಳೆಯ ಗಾಳಿಯಲ್ಲಿ ಪಾಸಾಗಬಹುದಾಗಿತ್ತು.

ಈ ತೊಡಕನ್ನು ಬಿಡಿಸಿದವರು ಬ್ರಿಟಿಷ್ ಯುದ್ಧ ಇಲಾಖೆಯ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬಲ್. ಮದ್ದುಗುಂಡಿನ ವಿಷಯದಲ್ಲಿ ಪಳಗಿದ ಕೈ. ಮುಂದೆ ಕಾರ್ಡೈಟ್ ಎಂಬ ಸಿಡಿಮದ್ದನ್ನು ಮಾಡಿದವರಲ್ಲಿ ಇವರೂ ಒಬ್ಬರು. ಅಂಥವರು ಮನೆಯ ದೀಪ ಸಿಡಿಯಬಾರದೆಂದು ತಲೆ ಕೆಡಿಸಿಕೊಂಡದ್ದು ನನಗೆ ಬಹಳ ಹಿಡಿಸುತ್ತದೆ. ಏಬಲ್ ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದರು. ಸುತ್ತ ಬಿಸಿನೀರಿನ ಪಾತ್ರೆ, ಒಳಗೆ ಉಷ್ಣಮಾಪಕ. ಮುಚ್ಚಳದಲ್ಲಿ ಸರಿಸಿ ತೆರೆಯುವ ಸಣ್ಣ ಕಿಂಡಿ. ಒಂದೊಂದು ಡಿಗ್ರಿ ಏರಿದಾಗಲೂ ಕಿಂಡಿ ತೆರೆದು ಪುಟ್ಟ ಉರಿಯನ್ನು ಒಳಗೆ ಇಳಿಸಿ ತೆಗೆಯುವುದು. ಯಾವ ಡಿಗ್ರಿಯಲ್ಲಿ ಒಳಗಿನ ಆವಿ ಭಗ್ಗೆಂದು ಮಿಂಚುತ್ತದೆಯೋ ಅದೇ ಆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್. ಬಟ್ಟಲಿಗೆ ಮುಚ್ಚಳ ಹಾಕಿದ್ದೆಂದರೆ ದೀಪದ ಬುಡ್ಡಿಯೊಳಗೆ ಏನಾಗುತ್ತದೋ ಅದನ್ನೇ ಪರೀಕ್ಷೆಗೆ ತಂದಂತಾಯಿತು. ಈ ಉಪಕರಣವನ್ನು 1879ರ ಕಾಯಿದೆ ಒಪ್ಪಿಕೊಂಡಿತು. ತೆರೆದ ಬಟ್ಟಲಿನ 100 ಡಿಗ್ರಿಗೆ ಮುಚ್ಚಿದ ಬಟ್ಟಲಿನ 73 ಡಿಗ್ರಿ ಸಮವೆಂದು ಗೊತ್ತುಮಾಡಿದರು.

73 ಡಿಗ್ರಿ ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು 23 ಡಿಗ್ರಿ ಸೆಲ್ಸಿಯಸ್. ಲಂಡನ್ನಿಗೆ ಅದು ಬೇಸಿಗೆಯ ದಿನ. ಬಳ್ಳಾರಿಗೋ ರಾಯಚೂರಿಗೋ ಚಳಿಗಾಲದ ಬೆಳಗ್ಗೆ! ಆದರೂ ಆ ಅಂಕಿ ನಮ್ಮ ಕಾಯಿದೆಯಲ್ಲಿ ಇಂದಿಗೂ ಕುಳಿತಿದೆ. 1934ರ ಪೆಟ್ರೋಲಿಯಂ ಕಾಯಿದೆಯಲ್ಲಿ 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವುದು ಅತ್ಯಂತ ಅಪಾಯದ ‘ಎ’ ವರ್ಗ. ಪೆಟ್ರೋಲು ಅದರಲ್ಲಿ ಸೇರಿದೆ. ದೀಪದ ಸೀಮೆಎಣ್ಣೆಗೆ ಮಾತ್ರ ನಮ್ಮ ಭಾರತೀಯ ಮಾನಕ ಹೆಚ್ಚು ಬಿಗಿ: 35 ಡಿಗ್ರಿಗಿಂತ ಕಡಿಮೆ ಇರಕೂಡದು. ಅದನ್ನು ಅಳೆಯುವ ಉಪಕರಣಕ್ಕೆ ಏಬಲ್ ಅವರ ಹೆಸರೇ ಉಳಿದುಬಂದಿದೆ.

ಇಷ್ಟಾದರೂ ಎಲ್ಲ ಕೆಲಸವೂ ಸರ್ಕಾರದ ಪ್ರಯೋಗಶಾಲೆಯಲ್ಲಿ ಮುಗಿಯಲಿಲ್ಲ. ಎಣ್ಣೆ ಒಳ್ಳೆಯದಾದರೂ ದೀಪ ಉರುಳಬಹುದು. ನಮ್ಮ ಅಜ್ಜಿ ದಿನವೂ ಸಂಜೆಯ ಬೆಳಕು ಇರುವಾಗಲೇ ಲಾಟೀನಿಗೆ ಎಣ್ಣೆ ತುಂಬಿ, ಬತ್ತಿಯ ಕರಿ ಕತ್ತರಿಸಿ, ಗಾಜನ್ನು ಬೂದಿಯಲ್ಲಿ ಉಜ್ಜಿ ಒರೆಸಿಡುತ್ತಿದ್ದರು. ಉರಿಯುವ ದೀಪಕ್ಕೆ ಎಣ್ಣೆ ಹುಯ್ಯಲು ಬಂದವರ ಕೈಗೆ ಏಟು ಬೀಳುತ್ತಿತ್ತು. ಅವರಿಗೆ ಏಬಲ್ ಹೆಸರು ಗೊತ್ತಿರಲಿಲ್ಲ. ಲಾಟೀನು ಕೊಳ್ಳಲಾರದ ಮನೆಗಳಲ್ಲಿ ಔಷಧಿಯ ಸೀಸೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಬಿಟ್ಟ ಬುಡ್ಡಿಯೇ ಗತಿ. ಬೆಕ್ಕು ಹಾಯ್ದರೂ ಬೀಳುವ ದೀಪ ಅದು.

ಅಂಥದೇ ಬುಡ್ಡಿಗಳು ನೆರೆಯ ಶ್ರೀಲಂಕೆಯಲ್ಲಿಯೂ ಇದ್ದವು. ಕೊಲಂಬೋ ನಗರದ ಶಸ್ತ್ರವೈದ್ಯ ಡಾಕ್ಟರ್ ವಿಜಯ ಗೋಡಕುಂಬುರ ಅವರು ಸುಟ್ಟಗಾಯದ ರೋಗಿಗಳಿಗೆ ಚಿಕಿತ್ಸೆ ಮಾಡುತ್ತ, ಇವರಲ್ಲಿ ಎಷ್ಟೋ ಮಂದಿ ದೀಪ ಉರುಳಿ ಸುಟ್ಟುಕೊಂಡವರು ಎಂಬುದನ್ನು ಗಮನಿಸಿದರು. ಗಾಯಕ್ಕೆ ಮದ್ದು ಹಚ್ಚುವುದಕ್ಕಿಂತ ದೀಪಕ್ಕೇ ಮದ್ದು ಮಾಡುವುದು ಲೇಸೆನ್ನಿಸಿತು. ಊಟದ ಮೇಜಿನ ಮೇಲೆ ಇಡುವ ಮಾರ್ಮೈಟ್ ಎಂಬ ತಿನಿಸಿನ ಗಿಡ್ಡ ಸೀಸೆ ಅವರಿಗೆ ದಾರಿ ತೋರಿತು. ಕುಳ್ಳಗೆ, ಭಾರವಾಗಿ, ಉರುಳಿಬಿದ್ದರೂ ಹೊರಳದಂತೆ ಎರಡು ಬದಿ ಚಪ್ಪಟೆಯಾಗಿ, ಎಣ್ಣೆ ಚೆಲ್ಲದಂತೆ ತಿರುಪಿನ ಲೋಹದ ಮುಚ್ಚಳವಿರುವ ದೀಪವನ್ನು 1990ರ ದಶಕದಲ್ಲಿ ಅಗ್ಗವಾಗಿ ಮಾಡಿಸಿ ಹಂಚಿದರು. ಹೆಸರು ಸುದೀಪ; ನಮಗೂ ಅರ್ಥವಾಗುವ ಹೆಸರು. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

ಇನ್ನು ಪ್ಲಾಂಟೆಯ ಮಾರ್ಗಕ್ಕೆ ಬರೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಲಾಟೀನು ಮೂಲೆ ಸೇರಿತು. ಆದರೆ ವಿದ್ಯುತ್ತು ಬಂದ ಮನೆಯಲ್ಲಿ ವಿದ್ಯುತ್ತು ಹೋಗುವುದೂ ಇದ್ದದ್ದೇ; ಆ ಗಳಿಗೆಗೆಂದು ಬ್ಯಾಟರಿಯ ದೀಪ ಬಂತು. ಮೊದಲು ಟ್ಯೂಬು ಮತ್ತು ಸೀಸದ ಬ್ಯಾಟರಿ, ಆಮೇಲೆ ಎಲ್‌ಇಡಿ ಮತ್ತು ಲಿಥಿಯಂ ಬ್ಯಾಟರಿ. ಈ ಲಿಥಿಯಂ ಬ್ಯಾಟರಿಯನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ.

ಸೀಸದ ಬ್ಯಾಟರಿ ತುಂಬಿದ ಮೇಲೂ ವಿದ್ಯುತ್ತು ನುಗ್ಗುತ್ತಲೇ ಇದ್ದರೆ ಒಳಗಿನ ನೀರು ಒಡೆದು ಅನಿಲವಾಗುತ್ತದೆ. ಬ್ಯಾಟರಿ ಕಾದು ಉಬ್ಬುತ್ತದೆ. ಲಿಥಿಯಂ ಇನ್ನೂ ಮುಂಗೋಪಿ. ಸಾಮಾನ್ಯವಾಗಿ ಒಂದು ಕೋಶಕ್ಕೆ 4.2 ವೋಲ್ಟು ಮಿತಿ. ಅದನ್ನು ಕಾಯುವ ಚಿಕ್ಕ ಸರ್ಕ್ಯೂಟು ಕೆಟ್ಟರೆ, ಅಥವಾ ಅಗ್ಗಕ್ಕೆಂದು ಅದನ್ನು ಬಿಟ್ಟೇಬಿಟ್ಟರೆ, ಕೋಶ ತನ್ನ ಶಾಖದಿಂದ ತಾನೇ ಕಾಯತೊಡಗಿ ಕಡೆಗೆ ಉರಿಯನ್ನು ಉಗುಳುತ್ತದೆ. ಒಳ್ಳೆಯ ಹೆಸರಿನ ಕಾರ್ಖಾನೆಯ ಮಾಲೂ ಇದಕ್ಕೆ ಹೊರತಲ್ಲ. 2006ರಲ್ಲಿ ಡೆಲ್ ಕಂಪನಿ ಲ್ಯಾಪ್‌ಟಾಪುಗಳ 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು. ಅವುಗಳ ಕೋಶಗಳನ್ನು ಮಾಡಿದ್ದು ಅದೇ ಸೋನಿ; ದೋಷ, ಒಳಗೆ ಸೇರಿಹೋಗಿದ್ದ ಲೋಹದ ಸೂಕ್ಷ್ಮ ಕಣಗಳು. ಅದೇ ಅಳತೆಯ, ಬೆರಳಿನಂಥ ದುಂಡು ಕೋಶಗಳೇ ನಮ್ಮ ಅನೇಕ ಎಮರ್ಜೆನ್ಸಿ ದೀಪಗಳಲ್ಲಿಯೂ ಇರುತ್ತವೆ. ಸೀಮೆಎಣ್ಣೆಯಲ್ಲಿ ನಾಫ್ತಾ ಇದ್ದಂತೆ, ಹೊರಗಿನಿಂದ ನೋಡಿದರೆ ಏನೂ ತಿಳಿಯದು.

ಅಮೆರಿಕದಲ್ಲಿ ಇಂಥ ವಾಪಸಾತಿಗಳನ್ನು ನೋಡಿಕೊಳ್ಳುವ ಆಯೋಗ 1972ರ ಕಾಯಿದೆಯಿಂದ ಹುಟ್ಟಿತು. ನಮ್ಮಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪಾಯದ ಮಾಲನ್ನು ವಾಪಸು ಕರೆಯಿಸುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕೆ ದೊರೆಯಿತು. ಆದರೆ ಯಾವ ಪ್ರಾಧಿಕಾರವೂ ನಿಮ್ಮ ಬೀರುವಿನ ಮೇಲೆ ಕೈಯಾಡಿಸಲಾರದು.

ಹೋದ ತಿಂಗಳು ನಾನು ನಮ್ಮ ಮನೆಯಲ್ಲಿ ಹುಡುಕಿದೆ. ಒಂದೇ ದೀಪವಿದೆಯೆಂದುಕೊಂಡಿದ್ದೆ, ಸಿಕ್ಕಿದ್ದು ಮೂರು. ಅಟ್ಟದ ಮೇಲಿದ್ದುದರ ಹೊಟ್ಟೆ ಉಬ್ಬಿ ಹೊಲಿಗೆ ಬಿಟ್ಟಂತೆ ಬಾಯಿ ತೆರೆದಿತ್ತು. ಎರಡನೆಯದು ಚೆನ್ನಾಗಿತ್ತು. ಮೂರನೆಯದು ಮೊಮ್ಮಗಳು ಮಲಗುವ ಕೋಣೆಯಲ್ಲಿ, ಕಿಟಕಿಯ ಪರದೆಗೆ ತಾಗಿದಂತೆ, ದಿನವೂ ಪ್ಲಗ್ಗಿನಲ್ಲಿ ಇರುತ್ತಿದ್ದದ್ದು. ಥಳಥಳ ಹೊಳೆಯುತ್ತಿತ್ತು, ಬೆಳಕೂ ಜೋರು. ಅದರ ತಳದ ಮಾದರಿ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ಓದಿ, ತಯಾರಕರಿಗೆ ಫೋನು ಮಾಡಿ ವಿಚಾರಿಸಿದೆ. ಆ ತಂಡದ ದೀಪಗಳನ್ನು ವಾಪಸು ಕರೆದು ಹತ್ತು ತಿಂಗಳಾಗಿತ್ತು. ಫೋನು ಕೆಳಗಿಟ್ಟ ಮೇಲೆ ಬಹಳ ಹೊತ್ತು ನಾನು ಆ ಪರದೆಯನ್ನೇ ನೋಡುತ್ತಿದ್ದೆ.

ಆದುದರಿಂದ ನೀವೂ ಹಗಲು ಹೊತ್ತಿನಲ್ಲಿ ಹುಡುಕಿ. ದೀಪವನ್ನು ಪ್ಲಗ್ಗಿನಿಂದ ತೆಗೆದು, ತಣ್ಣಗಾದ ಮೇಲೆ ಮಗುಚಿ, ತಯಾರಕರ ಹೆಸರು, ಮಾದರಿ, ತಂಡದ ಸಂಖ್ಯೆ, ತಯಾರಾದ ತಿಂಗಳು ಇಷ್ಟನ್ನೂ ಬರೆದುಕೊಳ್ಳಿ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದ್ದರೆ ಅದು ನಿಜವೋ ಅಲ್ಲವೋ ಎಂದು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಮಕ್ಕಳು ನೋಡಿಕೊಟ್ಟಾರು. ವಾಪಸು ಕರೆದದ್ದುಂಟೇ ಎಂದು ತಯಾರಕರನ್ನೇ ಕೇಳಿ. ಉಬ್ಬಿದ, ಸುಟ್ಟ ವಾಸನೆಯ, ಮುಟ್ಟಿದರೆ ಸುಡುವ ದೀಪವನ್ನು ಯಾರನ್ನೂ ಕೇಳಬೇಕಾಗಿಲ್ಲ. ಮತ್ತೆ ಚಾರ್ಜಿಗೆ ಹಾಕಬೇಡಿ, ಬಿಚ್ಚಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಹಾಸಿಗೆ, ಪರದೆ, ಕಾಗದಗಳಿಂದ ದೂರ, ಮನೆಯ ಹೊರಗೆ ಬಿಸಿಲು ಮಳೆ ತಾಗದ ಕಲ್ಲಿನ ಮೇಲಿಟ್ಟು, ವಿದ್ಯುನ್ಮಾನ ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಿ. 2022ರ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದೂ ಹೌದು.

ದೇವರ ಕೋಣೆ, ಕಾರಿನ ಡಿಕ್ಕಿ, ಮದುವೆಯಲ್ಲಿ ಉಡುಗೊರೆ ಬಂದು ಪೆಟ್ಟಿಗೆಯೇ ಒಡೆಯದೆ ಉಳಿದ ಸಾಮಾನು, ಇವುಗಳನ್ನೂ ನೋಡಿ. ಊರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನಿಗೆ ನೀವೇ ಒಂದು ಕೊಂಡುಕೊಟ್ಟು ಬಂದಿದ್ದರೆ, ಈ ಭಾನುವಾರ ಫೋನು ಮಾಡಿದಾಗ ಅದರ ತಳದಲ್ಲಿ ಏನು ಬರೆದಿದೆಯೆಂದು ಓದಿಸಿಕೊಳ್ಳಿ.